ಗ್ರೈಂಡರಿನ ಹಣೆಗೆ ವಿಭೂತಿ

ಕಳೆದ ಸೋಮವಾರ ನಮ್ಮ ನಂಜನಗೂಡಿನ ಮನೆಗೆ ಹೊಸ ಮಿಕ್ಸಿ ಬಂತು. ರಟ್ಟಿನ ಡಬ್ಬ ಬಿಚ್ಚಿ, ಥರ್ಮಾಕೋಲ್ ಕಿತ್ತು, ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ನಿಲ್ಲಿಸಿದ ಹೆಂಡತಿ, ‘ರೀ, ವಿಭೂತಿ ಇಟ್ಬಿಡಿ, ಆಮೇಲೆ ಸ್ವಿಚ್ ಹಾಕ್ತೀನಿ’ ಎಂದಳು. ಆಗತಾನೆ ಸ್ನಾನ ಮುಗಿಸಿದ್ದ ನಾನು ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದು, ಎರಡು ಹನಿ ನೀರು ಚಿಮುಕಿಸಿ, ಮೂರು ಬೆರಳಿಗೆ ಸವರಿಕೊಂಡು ಮಿಕ್ಸಿಯ ಮುಂದೆ ನಿಂತೆ. ಕೈ ತಾನಾಗಿಯೇ ಅದರ ಮೈಗೆ ಅಂಟಿಸಿದ್ದ ಬೆಳ್ಳಿ ಬಣ್ಣದ ಚೌಕದ ಕಡೆ ಹೋಯಿತು. ಇನ್ನೇನು ತಾಗಬೇಕು, ಬೆರಳುಗಳು ಅಲ್ಲೇ ನಿಂತುಬಿಟ್ಟವು. ಏನಾಯ್ತೆಂದು ಅವಳು ನೋಡಿದಳು. ಏನಿಲ್ಲ ಎಂದೆ. ಇತ್ತು. ಅದನ್ನು ಅವಳಿಗೂ ಪೂರ್ತಿ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಬಿಡುವಿದ್ದರೆ ಕೂತುಕೊಳ್ಳಿ.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ದುಡಿಯುವ ಯಾವ ವಸ್ತುವೂ ನಮ್ಮಲ್ಲಿ ಬರಿ ಹಣೆಯಲ್ಲಿ ಇರುವಂತಿಲ್ಲ. ನಾನು ಹುಟ್ಟಿ ಬೆಳೆದ ಟಿ. ನರಸೀಪುರದ ಮನೆಯಲ್ಲಿ ಕುಡುಗೋಲಿಗೆ ವಿಭೂತಿ, ಈಳಿಗೆಮಣೆಗೆ ವಿಭೂತಿ, ಅಣ್ಣನ ಸ್ಕೂಟರಿಗೆ ವಿಭೂತಿ, ಕೊನೆಗೆ ಗೋಡೆಯ ಮೇಲಿನ ಕರೆಂಟ್ ಮೀಟರಿಗೂ ವಿಭೂತಿ. ಮೀಟರಿನ ಗಾಜಿನ ಮೇಲೆ ನಾನು ಎಳೆದ ಮೂರು ಗೆರೆಯಿಂದಾಗಿ ಅಂಕಿ ಕಾಣದೆ, ರೀಡಿಂಗಿಗೆ ಬರುವಾತ ಪ್ರತಿ ತಿಂಗಳೂ ಅದನ್ನು ಕರವಸ್ತ್ರದಲ್ಲಿ ಒರೆಸಿ, ಆ ಕರವಸ್ತ್ರವನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಅಂಕಿ ಬರೆದುಕೊಂಡು ಹೋಗುತ್ತಿದ್ದ. ಅವನು ಹೋದಮೇಲೆ ನಾನು ಮತ್ತೆ ಎಳೆಯುತ್ತಿದ್ದೆ. ಈ ಇಲಾಖೆ ಚಿಕ್ಕಂದಿನಿಂದಲೂ ನನ್ನದೇ. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ ಅನ್ನುವುದು ಬೇರೆ ಮಾತು.

ಕೊಳೆಯ ಮೇಲೆ ವಿಭೂತಿ ಇಡಬಾರದಲ್ಲ, ಹಾಗಾಗಿ ಉಜ್ಜುವ ಕೆಲಸವೂ ನನಗೇ ಬಂತು. ಇದರಲ್ಲಿ ನಾನು ಸುಳ್ಳು ವಿನಯ ತೋರಿಸುವವನಲ್ಲ. ಉಜ್ಜುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಹಳೇ ಹುಣಸೆಹಣ್ಣು, ಜರಡಿ ಹಿಡಿದ ಒಲೆಬೂದಿ, ತೆಂಗಿನ ನಾರು, ಇಷ್ಟು ಕೊಟ್ಟರೆ ಸಾಕು. ಹಿತ್ತಾಳೆ ದೀಪದ ಕಂಬದಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿ ಸೇರಿದ ಮೇಲೂ ಸೋಮವಾರ ಬೆಳಿಗ್ಗೆ ಪಂಚೆ ಎತ್ತಿಕಟ್ಟಿ ಹಿತ್ತಿಲಲ್ಲಿ ಕೂತುಬಿಡುತ್ತಿದ್ದೆ. ಮಕ್ಕಳಿಗೆ ಸಂಧಿ ಸಮಾಸ ಕಲಿಸುವಾಗಲೂ ಉಗುರಿನ ಸಂದಿಯಲ್ಲಿ ಹುಣಸೆಹಣ್ಣಿನ ಕಪ್ಪು ಇರುತ್ತಿತ್ತು.

ಈಗ ಅತ್ತಿಗೆಯ ವಿಷಯಕ್ಕೆ ಬರಬೇಕು. ಅತ್ತಿಗೆ ಮಂಗಳಮ್ಮ ನಮ್ಮ ಮನೆಗೆ ಬಂದಾಗ ನಾನು ಏಳನೇ ಕ್ಲಾಸು. ಅಣ್ಣ ದೂರದ ರೂಟಿನ ಬಸ್ ಡ್ರೈವರು, ವಾರಕ್ಕೊಂದು ದಿನ ಮನೆಯ ಮುಖ ನೋಡಿದರೆ ಹೆಚ್ಚು. ಮನೆ ನಡೆಯುತ್ತಿದ್ದದ್ದು ಅವ್ವ ಮತ್ತು ಅತ್ತಿಗೆಯ ಕೈಯಲ್ಲಿ. ಅದರಲ್ಲೂ ದೋಸೆ ಹಿಟ್ಟು ಅತ್ತಿಗೆಯ ಕೈಯಲ್ಲೇ. ಹಿತ್ತಿಲ ಬಾಗಿಲ ಪಕ್ಕ ನೆಲಕ್ಕೆ ಹೂತಿದ್ದ ಒಳಕಲ್ಲು ಅವ್ವನ ಅತ್ತೆಯ ಕಾಲದ್ದು. ಅದರ ಮುಂದೆ ಒಂದು ಕಾಲು ಮಡಿಸಿ ಒಂದು ಕಾಲು ಚಾಚಿ ಕೂತರೆ ಅತ್ತಿಗೆ ಏಳುತ್ತಿದ್ದದ್ದು ಒಂದು ಗಂಟೆಯ ಮೇಲೆ. ನಾನು ಮೇಷ್ಟ್ರಾದ ಮೇಲೆ ಒಂದು ಶ್ರಾವಣದಲ್ಲಿ ಅವರು ಪಾಚಿ ಕಟ್ಟಿದ ಬಚ್ಚಲ ಚಪ್ಪಡಿಯ ಮೇಲೆ ಜಾರಿ ಬಿದ್ದು ಬಲಭುಜದ ಕೀಲು ತಪ್ಪಿಸಿಕೊಂಡರು. ಡಾಕ್ಟರು ಕೀಲು ಕೂಡಿಸಿ, ಇನ್ನು ರುಬ್ಬುವುದು ಬೀಸುವುದು ಬಂದ್ ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದರು. ಇನ್ನೊಮ್ಮೆ ತಪ್ಪಿದರೆ ಕೈ ತಲೆಯವರೆಗೆ ಏಳುವುದಿಲ್ಲ ಎಂದೂ ಹೇಳಿದ್ದರು.

ಅವ್ವ ಕೆಟ್ಟವಳಲ್ಲ. ಆದರೆ ಮಿಷನ್ ಹಿಟ್ಟು ಉಬ್ಬುವುದಿಲ್ಲ ಅನ್ನುವುದು ಅವಳ ಮಟ್ಟಿಗೆ ಸೂರ್ಯ ಪೂರ್ವಕ್ಕೆ ಹುಟ್ಟುವಷ್ಟೇ ಖಾತ್ರಿ. ಅತ್ತಿಗೆ ವಾದ ಮಾಡಲಿಲ್ಲ. ರವಿಕೆ ಹೊಲಿದು ಕೂಡಿಟ್ಟದ್ದನ್ನು ತೆಗೆದುಕೊಂಡು, ನನ್ನನ್ನು ಜೊತೆಗೆ ಕರೆದುಕೊಂಡು ನಂಜನಗೂಡಿನ ಒಂದು ಅಂಗಡಿಗೆ ಹೋಗಿ ಸ್ಟೀಲ್ ಡ್ರಮ್ಮಿನ ಗ್ರೈಂಡರ್ ಆರಿಸಿದರು. ಅಂಗಡಿಯವನು ವಾರಂಟಿ ಕಾರ್ಡ್ ತೆಗೆದು, ಯಜಮಾನರ ಹೆಸರು ಹೇಳಿ ಎಂದ. ನಾನು ಅಣ್ಣನ ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ, ‘ಮಂಗಳಮ್ಮ ಅಂತ ಬರ್ಕೊಳಿ’ ಎಂದರು. ಅವನು ನನ್ನ ಮುಖ ನೋಡಿದ, ನಾನು ಫ್ಯಾನ್ ನೋಡಿದೆ. ಮಂಗಳಮ್ಮ ಎಂದೇ ಬರೆದ. ವಾರಂಟಿ ಎರಡು ವರ್ಷ.

ಅವತ್ತಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ‘ಅವಳ ಮಿಷನ್ನು’ ಎಂದೇ ಹೆಸರು. ಅವ್ವ ಅದನ್ನು ಮುಟ್ಟುತ್ತಿರಲಿಲ್ಲ. ಅಣ್ಣ ಊಟಕ್ಕೆ ಕೂತಾಗ ‘ಇದು ಕಲ್ಲಿನದೋ ಅವಳ ಮಿಷನ್ನಿಂದೋ’ ಎಂದು ಕೇಳಿ, ಎರಡು ದೋಸೆ ಹೆಚ್ಚಾಗಿ ತಿಂದು ಕೈ ತೊಳೆಯುತ್ತಿದ್ದ. ನಾನೊಬ್ಬ ಮಾತ್ರ ಅದನ್ನು ಮನೆಗೆ ಸೇರಿಸಿಕೊಂಡವನು. ಹೇಗೆ ಅಂದರೆ, ವಿಭೂತಿ ಇಟ್ಟು. ಡ್ರಮ್ಮು ಒದ್ದೆ, ಮುಚ್ಚಳ ಪ್ಲಾಸ್ಟಿಕ್ಕು, ಬುಡವೆಲ್ಲ ಕೆಂಪು ಬಣ್ಣ. ಹಣೆಯಂತೆ ಎದುರಿಗೆ ಚಪ್ಪಟೆಯಾಗಿ ಕಾಣುತ್ತಿದ್ದದ್ದು ಒಂದೇ ಜಾಗ, ಮುಂಭಾಗಕ್ಕೆ ಬಡಿದಿದ್ದ ಪುಟ್ಟ ತಗಡು. ಅದರ ಮೇಲೆ ಏನೋ ಇಂಗ್ಲಿಷ್ ಅಕ್ಷರ, ಒಂದಿಷ್ಟು ಅಂಕಿ. ಪ್ರತಿ ಸೋಮವಾರ ಅದನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ತೊಳೆದು, ಮೂರು ಗೆರೆ ಎಳೆಯುತ್ತಿದ್ದೆ. ವಾರದಿಂದ ವಾರಕ್ಕೆ ಅಕ್ಷರ ಮಾಸುತ್ತಾ ಬಂತು, ತಗಡು ಹೊಳೆಯುತ್ತಾ ಬಂತು. ನೋಡಲಿಲ್ಲ ಎಂದು ಹೇಳುವುದಿಲ್ಲ, ನೋಡಿದೆ. ನೋಡಿ ಖುಷಿಪಟ್ಟೆ. ಒಂದೂವರೆ ವರ್ಷದಲ್ಲಿ ಅದು ಕನ್ನಡಿಯಾಗಿತ್ತು.

ಆಗಲೇ ಗ್ರೈಂಡರ್ ಕೈಕೊಟ್ಟಿದ್ದು. ಉದ್ದು ಹಾಕಿ ಹತ್ತು ನಿಮಿಷ ಆಗುತ್ತಿದ್ದಂತೆ ಸುಟ್ಟ ವಾಸನೆ ಬಂದು ನಿಂತುಬಿಡುವುದು. ತಣ್ಣಗಾಗಲು ಬಿಟ್ಟರೆ ಮತ್ತೆ ಓಡುವುದು, ಮತ್ತೆ ನಿಲ್ಲುವುದು. ಅವ್ವ ಏನೂ ಅನ್ನಲಿಲ್ಲ. ಒಳಕಲ್ಲಿನ ಮೇಲೆ ಮುಚ್ಚಿದ್ದ ಗೋಣಿಚೀಲ ತೆಗೆದು, ಎರಡು ಚೊಂಬು ನೀರು ಹುಯ್ದು ತೊಳೆದು, ಗುಂಡುಕಲ್ಲನ್ನು ನೆಟ್ಟಗೆ ನಿಲ್ಲಿಸಿದಳು ಅಷ್ಟೆ. ಅಂದರೂ ಆಗುತ್ತಿತ್ತು, ಅನ್ನದೇ ಹಾಗೆ ಮಾಡಿದ್ದು ಅತ್ತಿಗೆಗೆ ಚುಚ್ಚಿತು. ನನಗೂ.

ನಾನಿದ್ದೀನಲ್ಲ, ಹೆದರಬೇಡಿ ಅಂದೆ. ಕನ್ನಡ ಮೇಷ್ಟ್ರು ಮನೆಯಲ್ಲಿ ಇರುವುದು ಮತ್ತೆ ಯಾತಕ್ಕೆ? ಆ ಭಾನುವಾರ ಕೂತು ಕಂಪನಿಗೆ ಒಂದು ಪತ್ರ ಬರೆದೆ. ಎಂಥ ಪತ್ರ ಅಂತೀರಿ! ನಾಲ್ಕು ಪುಟ. ಮೊದಲ ಪುಟದಲ್ಲಿ ಗೃಹಿಣಿಯ ಶ್ರಮದ ಬಗ್ಗೆ, ಎರಡನೆಯದರಲ್ಲಿ ವ್ಯಾಪಾರಧರ್ಮದ ಬಗ್ಗೆ, ಮೂರನೆಯದರಲ್ಲಿ ನಂಬಿಕೆ ಎಂಬುದರ ಬಗ್ಗೆ. ಗ್ರೈಂಡರಿನ ಪ್ರಸ್ತಾಪ ಬರುವಾಗ ನಾಲ್ಕನೆಯ ಪುಟದ ಅರ್ಧ ಮುಗಿದಿತ್ತು. ಅತ್ತಿಗೆಗೆ ಓದಿ ಹೇಳಿದಾಗ ಅವರು ಗಂಭೀರವಾಗಿ ಕೇಳಿ, ಚೆನ್ನಾಗಿದೆ, ಆದರೆ ನಿಂತುಹೋಯ್ತು ಅಂತ ಮೊದಲೇ ಹೇಳಬಹುದಿತ್ತಲ್ಲ ಎಂದರು. ಮೂರು ವಾರದ ಮೇಲೆ ಮೊಬೈಲಿಗೆ ಒಂದೂವರೆ ಸಾಲಿನ ಉತ್ತರ ಬಂತು. ವಸ್ತುವನ್ನೂ ವಾರಂಟಿ ಕಾರ್ಡನ್ನೂ ಹತ್ತಿರದ ಸರ್ವೀಸ್ ಸೆಂಟರಿಗೆ ತರತಕ್ಕದ್ದು. ಹತ್ತಿರದ್ದು ಅಂದರೆ ನಂಜನಗೂಡು.

ಗ್ರೈಂಡರನ್ನು ಹಳೇ ಬೆಡ್‌ಶೀಟಿನಲ್ಲಿ ಕಟ್ಟಿ ಬಸ್ಸಿಗೆ ಹತ್ತಿಸಿದೆವು. ಅದನ್ನು ಎಂಜಿನ್ ಪಕ್ಕ ಕೂರಿಸಿದ ಕಂಡಕ್ಟರು ಅದಕ್ಕೂ ಲಗೇಜ್ ಟಿಕೆಟ್ ಹರಿದ. ಅತ್ತಿಗೆ ದಾರಿಯುದ್ದಕ್ಕೂ ಎಡಗೈಯಲ್ಲಿ ಅದರ ಗಂಟು ಹಿಡಿದುಕೊಂಡೇ ಇದ್ದರು. ಸರ್ವೀಸ್ ಸೆಂಟರ್ ಅಂದರೆ ಒಂದು ಉದ್ದನೆಯ ಅಂಗಡಿ. ಮುಂದೆ ಕೌಂಟರಿನಲ್ಲಿ ರಸೀದಿ ಬರೆಯುವ ಹುಡುಗಿ, ಹಿಂದೆ ಬಿಚ್ಚಿ ಹಾಕಿದ ಫ್ಯಾನು ಮಿಕ್ಸಿಗಳ ನಡುವೆ ಮೆಕ್ಯಾನಿಕ್ ಮಾದೇವಣ್ಣ. ಐವತ್ತರ ಆಸುಪಾಸು, ಮೂಗಿನ ತುದಿಗೆ ಜಾರಿದ ಕನ್ನಡಕ, ಮಾತು ಕಡಿಮೆ. ಪ್ಲಗ್ ಹಾಕಿ ಖಾಲಿ ಡ್ರಮ್ಮನ್ನೇ ಕಾಲು ಗಂಟೆ ಓಡಿಸಿದರು. ನಮ್ಮ ಗ್ರೈಂಡರು ಮಾವನ ಮನೆಗೆ ಬಂದ ಅಳಿಯನಷ್ಟು ಸಭ್ಯವಾಗಿ ಓಡಿತು. ಏನೂ ಆಗಿಲ್ಲವಲ್ಲಮ್ಮ ಎನ್ನುತ್ತಾ ಮಾದೇವಣ್ಣ ಕಾರ್ಡ್ ಕೈಗೆತ್ತಿಕೊಂಡು ನಂಬರ್ ತಾಳೆ ನೋಡಲು ಬಗ್ಗಿದರು. ಬಗ್ಗಿದವರಿಗೆ ಕಂಡಿದ್ದು ಅವರದೇ ಮುಖ.

‘ನಂಬರೇ ಇಲ್ವಲ್ಲ. ಯಾರ್ ಉಜ್ಜಿದ್ದು ಇದ್ನ?’

ಹೀಗೆ ನಂಬರ್ ಅಳಿಸಿ, ಒಂದು ಮಿಷನ್ನಿನ ಕಾರ್ಡಲ್ಲಿ ಇನ್ನೊಂದನ್ನು ರಿಪೇರಿ ಮಾಡಿಸಿಕೊಳ್ಳುವವರು ಇದ್ದಾರೆ, ಕಂಪನಿ ಒಪ್ಪುವುದಿಲ್ಲ ಎಂದೂ ಸೇರಿಸಿದರು. ಸರದಿಯಲ್ಲಿದ್ದ ನಾಲ್ಕು ಜನ ನಮ್ಮ ಕಡೆ ತಿರುಗಿದರು. ಅವರಲ್ಲಿ ಒಬ್ಬಾತ ನನ್ನ ಶಿಷ್ಯನ ಅಪ್ಪ. ಮೇಷ್ಟ್ರೇ ಎಂದು ಆಗತಾನೆ ಕೈಮುಗಿದಿದ್ದ. ಅಂಥವನ ಮುಂದೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದಂತೆಯೇ ಅತ್ತಿಗೆ ಹೇಳಿಬಿಟ್ಟರು.

‘ನಾನೇ ಉಜ್ಜಿದ್ದು. ಗೊತ್ತಾಗ್ಲಿಲ್ಲ.’

ನಾನು ಸುಮ್ಮನಿದ್ದೆ. ಇದನ್ನು ಎಷ್ಟು ತಿರುಗಿಸಿ ಬರೆದರೂ ಅಷ್ಟೆ. ಬಾಯಿ ಇತ್ತು, ಸುಮ್ಮನಿದ್ದೆ. ಗ್ರೈಂಡರನ್ನು ಮತ್ತೆ ಬೆಡ್‌ಶೀಟಿನಲ್ಲಿ ಕಟ್ಟಿ ವಾಪಸು ಹೊರಟೆವು. ಕಪಿಲಾ ಸೇತುವೆ ದಾಟುವಾಗ ಅತ್ತಿಗೆ ಕಿಟಕಿಯಾಚೆ ನೀರು ಎಷ್ಟಿದೆ ಎಂದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನಿಗೆ ಗಡಗಡ ಸದ್ದು ಕೇಳಿಸಿತು. ಒಳಕಲ್ಲಿನದು. ಆದರೆ ನನಗೆ ಗೊತ್ತಿದ್ದ ಸದ್ದಲ್ಲ. ಎರಡು ಸುತ್ತು ಸುತ್ತುವುದು, ನಿಲ್ಲುವುದು, ಮತ್ತೆ ಎರಡು ಸುತ್ತು. ಹೋಗಿ ನೋಡಿದರೆ ಅತ್ತಿಗೆ ಬಲಗೈಯನ್ನು ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡು ಎಡಗೈಯಲ್ಲಿ ರುಬ್ಬುತ್ತಿದ್ದರು. ನಾನು ಬ್ರಷ್ ಎಸೆದು, ಏಳಿ ಅತ್ತಿಗೆ ಎಂದು ಅವರನ್ನು ಎಬ್ಬಿಸಿ ಕೂತೆ. ಉಜ್ಜುವುದರಲ್ಲಿ ಶೂರನಾದವನಿಗೆ ರುಬ್ಬುವುದು ಯಾವ ಲೆಕ್ಕ ಎಂದುಕೊಂಡಿದ್ದೆ. ಐದು ನಿಮಿಷಕ್ಕೆ ಬೆರಳು ಜಜ್ಜಿಕೊಂಡೆ, ಉದ್ದು ಹಿತ್ತಿಲಿಗೆಲ್ಲ ಹಾರಿತು. ಅವ್ವ ಬಾಗಿಲಲ್ಲಿ ನಿಂತು ನೋಡಿ, ‘ಬುಡ್ಲಾ, ಕಾಗೆಗಾಯ್ತು ಅದು’ ಎಂದಳು. ನಕ್ಕೆವು. ನಗುತ್ತಾ ಅತ್ತಿಗೆ ಭುಜ ಹಿಡಿದುಕೊಂಡರು. ನನ್ನ ನಗು ಅಲ್ಲಿಗೇ ನಿಂತಿತು. ಒಂದು ತಗಡಿನ ಹೊಳಪಿಗೋಸ್ಕರ ಈ ಹೆಂಗಸಿನ ಕೈ ಹೋಗುತ್ತದಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅತ್ತಿಗೆ ಮಾತ್ರ ಸೋತವರ ಹಾಗೆ ಇರಲಿಲ್ಲ. ಎರಡು ದಿನ ಏನೋ ಯೋಚಿಸಿ, ಮೂರನೆಯ ದಿನ ನನಗೆ ರಜೆ ಹಾಕಲು ಹೇಳಿದರು.

‘ಖಾಲಿ ಓಡ್ಸಿದ್ರೆ ಯಾವ್ ಮಿಷನ್ನಾದ್ರೂ ಓಡ್ತದೆ ಕಣಪ್ಪ. ಉದ್ದಾಕಿ ನೋಡ್ಲಿ ಅವ್ರು.’

ಮರುದಿನ ಬೆಳಗಿನ ಐದಕ್ಕೆ ಉದ್ದು ಮೆಂತ್ಯ ಒಂದು ಪಾತ್ರೆಯಲ್ಲಿ, ಅಕ್ಕಿ ಇನ್ನೊಂದರಲ್ಲಿ ನೆನೆಹಾಕಿದರು. ಸರ್ವೀಸ್ ಸೆಂಟರ್ ಬಾಗಿಲು ತೆಗೆಯುವುದು ಎಷ್ಟಕ್ಕೆ, ಬಸ್ಸು ಎಷ್ಟು ಹೊತ್ತು, ಅಷ್ಟರಲ್ಲಿ ಉದ್ದು ಎಷ್ಟು ನೆಂದಿರುತ್ತದೆ, ಎಲ್ಲ ಅವರ ತಲೆಯಲ್ಲೇ ಇತ್ತು. ಹೊರಡುವಾಗ ನೀರು ಬಸಿದು ಎರಡು ಸ್ಟೀಲ್ ಡಬ್ಬಿಗೆ ಹಾಕಿಕೊಂಡರು. ಬಾಟಲಿಯಲ್ಲಿ ನೀರು, ಸೆರಗಿಗೆ ಸಿಕ್ಕಿಸಿದ ಒಂದು ಕೈವಸ್ತ್ರ. ಅದೇ ಬಸ್ಸು, ಅದೇ ಕಂಡಕ್ಟರು. ಮೊನ್ನೆ ತಾನೆ ರಿಪೇರಿಗೆ ಹೋಯ್ತಲ್ಲ ಎಂದು ಅವನು ಕೇಳಿದಾಗ, ಇವತ್ತು ತಿಂಡಿ ಸಮೇತ ಹೋಗ್ತಿದೆ ಎಂದು ಅತ್ತಿಗೆಯೇ ಹೇಳಿದರು. ಅವರಷ್ಟು ಗೆಲುವಾಗಿದ್ದದ್ದನ್ನು ನಾನು ತಿಂಗಳಿಂದ ನೋಡಿರಲಿಲ್ಲ. ನಾನು ಮಾತ್ರ ದಾರಿಯುದ್ದಕ್ಕೂ, ಇವತ್ತು ಹೇಳಿಬಿಡುತ್ತೇನೆ, ಹೇಳೇ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ.

ಮಾದೇವಣ್ಣನ ಬೆಂಚಿನ ಮೇಲೆ ಅತ್ತಿಗೆ ತಾವೇ ಪ್ಲಗ್ ಹಾಕಿ, ತಾವೇ ಉದ್ದು ಸುರಿದರು. ಮೆಕ್ಯಾನಿಕ್ ಬೇಡವೆನ್ನಲು ಹೊರಟವರು ಸ್ಟೂಲ್ ಎಳೆದುಕೊಂಡು ಕೂತರು. ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತಾ ಅತ್ತಿಗೆ ನಿಂತಿದ್ದರು. ಉದ್ದು ನೊರೆ ಕಟ್ಟಿ ಮೇಲೇರಿತು. ಫ್ಯಾನು ರಿಪೇರಿಗೆ ಬಂದವರು, ಕುಕ್ಕರು ತಂದವರು, ರಸೀದಿ ಹುಡುಗಿ, ಎಲ್ಲರೂ ಸುತ್ತ ನೆರೆದರು. ಏಳು ನಿಮಿಷ, ಎಂಟು ನಿಮಿಷ. ಅಯ್ಯೋ, ಇವತ್ತು ನಿಲ್ಲದೇ ಹೋದರೆ ಏನು ಗತಿ ಎಂದು ನಾನು ಮೊದಲ ಬಾರಿಗೆ ಒಂದು ಯಂತ್ರ ಕೆಡಲಿ ಎಂದು ನಂಜುಂಡೇಶ್ವರನಿಗೆ ಹರಕೆ ಹೊತ್ತೆ. ಹತ್ತು ದಾಟಿತು, ಹನ್ನೊಂದಕ್ಕೆ ಸುಟ್ಟ ವಾಸನೆ ಬಂತು, ಡ್ರಮ್ಮು ನರಳಿ ನಿಂತಿತು. ಅತ್ತಿಗೆ ಮಾದೇವಣ್ಣನ ಮುಖ ನೋಡಿದರು.

ಮೋಟಾರಿನ ವೈಂಡಿಂಗ್ ವೀಕು, ಲೋಡ್ ತಡೀತಿಲ್ಲ, ಅವತ್ತು ಉದ್ದು ಹಾಕಿ ನೋಡಬೇಕಿತ್ತು, ತಪ್ಪು ನಮ್ಮದೇ ಎಂದು ಅವರು ಒಪ್ಪಿಕೊಂಡರು. ಆದರೆ ನಂಬರಿನ ಮಾತು ಉಳಿಯಿತಲ್ಲ. ಒಳಗಡೆ ಮೋಟಾರಿನ ಮೈಮೇಲೂ ಅದೇ ನಂಬರ್ ಕೊರೆದಿರುತ್ತಾರಂತೆ. ಬಿಚ್ಚಿ ನೋಡಬಹುದು, ಆದರೆ ಹೊರಗಿನ ನಂಬರ್ ಯಾಕೆ ಹೋಯಿತು ಎಂದು ಅಳಿಸಿದವರು ಕಾರಣ ಬರೆದು ಸಹಿ ಹಾಕಬೇಕು, ಇಲ್ಲದಿದ್ದರೆ ಕಂಪನಿ ಸೀಲ್ ಒಡೆಯಲು ಬಿಡುವುದಿಲ್ಲ. ಹೀಗೆಂದು ಒಂದು ಫಾರಂ ತೆಗೆದು ಅತ್ತಿಗೆಯ ಮುಂದೆ ಇಟ್ಟರು. ಅತ್ತಿಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡರು. ಬಲಗೈ ಮೇಜಿನ ಎತ್ತರಕ್ಕೆ ಸಲೀಸಾಗಿ ಏಳುತ್ತಿರಲಿಲ್ಲ. ಎಡಗೈಯಿಂದ ಅದಕ್ಕೆ ಆಸರೆ ಕೊಟ್ಟುಕೊಂಡರು. ಮಾಡದ ತಪ್ಪನ್ನು ಆ ಕೈಯಲ್ಲಿ ಬರೆಯಲು ಹೊರಟಿದ್ದರು.

‘ಅತ್ತಿಗೆ, ಕೊಡಿ ಇಲ್ಲಿ. ಉಜ್ಜಿದ್ದು ನಾನು.’

ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಹಿಂದೆ ಯಾರೋ ಕೆಮ್ಮಿದರು. ಪೆನ್ನು ತೆಗೆದುಕೊಂಡು ಬರೆದೆ. ಗೃಹಿಣಿಯ ಶ್ರಮವಿಲ್ಲ, ವ್ಯಾಪಾರಧರ್ಮವಿಲ್ಲ. ‘ಪ್ರತಿ ಸೋಮವಾರ ವಿಭೂತಿ ಇಡುವ ಸಲುವಾಗಿ ನಾನು ಈ ತಗಡನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ್ದರಿಂದ ನಂಬರು ಅಳಿಸಿಹೋಗಿದೆ. ಮೊದಲ ದಿನ ಇದನ್ನು ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಅತ್ತಿಗೆಯವರ ತಪ್ಪಿಲ್ಲ.’ ಕೆಳಗೆ ಸಹಿ, ಸಹಿಯ ಕೆಳಗೆ ಕನ್ನಡ ಶಿಕ್ಷಕರು ಎಂದೂ ಬರೆದೆ. ನಾನು ಬರೆದದ್ದರಲ್ಲಿ ಕೆಲಸಕ್ಕೆ ಬಂದ ಬರಹ ಅಂತ ಇದ್ದರೆ ಅದೊಂದೇ.

ಮಾದೇವಣ್ಣ ಅದನ್ನು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ನಗುತ್ತಾರೆ ಎಂದುಕೊಂಡಿದ್ದೆ. ಅವರು ಬೆಂಚಿನ ಕೊನೆಯಲ್ಲಿದ್ದ ತಮ್ಮ ಟೆಸ್ಟಿಂಗ್ ಮೀಟರನ್ನು ನನ್ನ ಕಡೆ ತಿರುಗಿಸಿದರು. ಅದರ ಗಾಜಿನ ಮೇಲೆ ಮೂರು ಗೆರೆ ವಿಭೂತಿ, ಮುಳ್ಳು ಅರ್ಧ ಮಾತ್ರ ಕಾಣುತ್ತಿತ್ತು. ‘ನಮ್ಮನೇಲೂ ಇದೇ ಕತೆ ಸಾ’ ಎಂದು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. ಸೀಲ್ ಒಡೆದು ಬುಡ ಬಿಚ್ಚಿದಾಗ ಮೋಟಾರಿನ ಮೈಮೇಲೆ ನಂಬರು ಅಚ್ಚುಕಟ್ಟಾಗಿ ಕೂತಿತ್ತು. ನನ್ನ ಕೈ ಅಲ್ಲಿಗೆ ಹೋಗಿರಲಿಲ್ಲವಲ್ಲ. ಕಾರ್ಡಿನ ಅಂಕಿಗೂ ಅದಕ್ಕೂ ಸರಿಹೋಯಿತು. ಮಧ್ಯಾಹ್ನದ ಹೊತ್ತಿಗೆ ಹೊಸ ಮೋಟಾರು ಕೂಡಿಸಿ, ಅರ್ಧ ರುಬ್ಬಿದ್ದ ಹಿಟ್ಟನ್ನು ಅದರಲ್ಲೇ ನುಣ್ಣಗೆ ಮಾಡಿ, ಅಕ್ಕಿಯನ್ನೂ ರುಬ್ಬಿ ತೋರಿಸಿದರು. ಅತ್ತಿಗೆ ಆ ಹಿಟ್ಟಿನಲ್ಲಿ ಅರ್ಧವನ್ನು ರಸೀದಿ ಹುಡುಗಿಯ ಊಟದ ಡಬ್ಬಿಗೆ ಹಾಕಿ, ಉಪ್ಪು ಎಷ್ಟು ಹಾಕಬೇಕೆಂದು ಹೇಳಿಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ, ಯಾಕೆ ಅತ್ತಿಗೆ ಅವತ್ತು ನಿಮ್ಮ ಮೇಲೆ ಹಾಕಿಕೊಂಡಿರಿ ಎಂದು ಕೇಳಿದೆ. ಅವರು ಗ್ರೈಂಡರಿನ ಗಂಟು ಸರಿಮಾಡುತ್ತಾ ಹೇಳಿದರು.

‘ಎಲ್ಲಾರ್ಗೂ ಅದು ನನ್ ಮಿಷನ್ನು. ತಪ್ಪೂ ನಂದೇ ಇರ್ಲಿ ಅಂತ ಅಂದ್ಬುಟ್ಟೆ. ಇವತ್ತು ನೀನು ಸೈನ್ ಆಕ್ದೆ ನೋಡು, ಇವತ್ತು ಮನೇದಾಯ್ತು ಅದು.’

ನನಗೆ ಅಳು ಬಂತು. ಬಸ್ಸಿನಲ್ಲಿ ಮೇಷ್ಟ್ರು ಅಳುವುದು ಸರಿಯಲ್ಲವೆಂದು ಕಿಟಕಿಯ ಕಡೆ ತಿರುಗಿದೆ. ಕಣ್ಣಿಗೆ ಧೂಳು ಬಿತ್ತೇನೋ ಎಂದು ಅತ್ತಿಗೆ ತಮ್ಮ ಕೈವಸ್ತ್ರ ಕೊಟ್ಟರು. ಅದರ ತುಂಬ ಉದ್ದಿನ ಹಿಟ್ಟು.

ಮನೆಯಲ್ಲಿ ನಡೆದದ್ದನ್ನೆಲ್ಲ ಅವ್ವನಿಗೆ ಹೇಳಿದೆ, ಸುಮ್ಮನಿದ್ದ ಕತೆಯನ್ನೂ ಬಿಡದೆ. ಅವಳು ಕೇಳಿ ಎದ್ದುಹೋದಳು. ಮುಂದಿನ ಸೋಮವಾರ ನಾನು ಹುಣಸೆಹಣ್ಣು ಹಿಡಿದು ಹಿತ್ತಿಲಿಗೆ ಬರುವಷ್ಟರಲ್ಲಿ, ಒಂದೂವರೆ ವರ್ಷ ಮುಟ್ಟದ ಗ್ರೈಂಡರಿನ ಮುಂದೆ ಅವ್ವನೇ ಕೂತಿದ್ದಳು. ಕೆಂಪು ಬುಡದ ಪಕ್ಕಕ್ಕೆ, ತಗಡಿನಿಂದ ಒಂದು ಗೇಣು ದೂರಕ್ಕೆ, ಮೂರು ಗೆರೆ ಎಳೆದಿದ್ದಳು. ‘ಇನ್ಮೇಲೆ ಇಲ್ಲಿಡು ಕಣ್ಲಾ’ ಎಂದು ಕೈ ತೊಳೆದುಕೊಳ್ಳಲು ಹೋದಳು. ಒಳಕಲ್ಲಿನ ಮೇಲೆ ಗೋಣಿಚೀಲ ಮತ್ತೆ ಬಂದು ಕೂತಿತ್ತು.

ಅವ್ವ ಈಗಿಲ್ಲ. ಅತ್ತಿಗೆ ನರಸೀಪುರದಲ್ಲಿ ಈಗಲೂ ರವಿಕೆ ಹೊಲಿಯುತ್ತಾರೆ, ಬಲಗೈ ತಲೆಗೂ ಏಳುತ್ತದೆ, ಜಡೆ ತಾವೇ ಹಾಕಿಕೊಳ್ಳುತ್ತಾರೆ. ಆ ಗ್ರೈಂಡರು ಮೊನ್ನೆ ಮೊನ್ನೆಯವರೆಗೂ ಓಡುತ್ತಿತ್ತು.

ಇಷ್ಟೆಲ್ಲ ನಾನು ಮಿಕ್ಸಿಯ ಮುಂದೆ ಕೈ ಎತ್ತಿಕೊಂಡು ನಿಂತಾಗ ನೆನಪಾದದ್ದು. ಬೆರಳಿನ ವಿಭೂತಿ ಒಣಗಿತ್ತು. ಹೆಂಡತಿ ಕಾಯುವುದು ಬಿಟ್ಟು ವಾರಂಟಿ ಕಾರ್ಡ್ ತುಂಬಲು ಕೂತಿದ್ದಳು. ಬಗ್ಗಿ ನೋಡಿದೆ, ಹೆಸರಿನ ಜಾಗದಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಬರೆದಿದ್ದಳು. ನಾನು ಅದನ್ನು ಹೊಡೆದುಹಾಕಿ ನಿನ್ನ ಹೆಸರು ಬರಿ ಎಂದೆ. ಯಾರದಾದರೇನು ಎಂದಳು. ಬರಿ ಎಂದೆ. ಬರೆದಳು. ಅದರ ಕೆಳಗೆ ಖಾಲಿ ಉಳಿದಿದ್ದ ಜಾಗದಲ್ಲಿ, ಯಾರೂ ಕೇಳದಿದ್ದರೂ, ನಾನು ನನ್ನ ಸಹಿ ಹಾಕಿದೆ. ಇದೇನು ಹೊಸದು ಎಂದು ಅವಳು ನಕ್ಕಳು.

ಮತ್ತೆ ನೀರು ಚಿಮುಕಿಸಿಕೊಂಡು, ಚೌಕದಿಂದ ಒಂದು ಗೇಣು ದೂರ ಅಳೆದು ಮಿಕ್ಸಿಗೆ ಮೂರು ಗೆರೆ ಎಳೆದೆ. ಬೆರಳಲ್ಲಿ ಉಳಿದದ್ದನ್ನು ನನ್ನ ಹಣೆಗೆ ಹಚ್ಚಿಕೊಂಡೆ. ಅಲ್ಲಿ ಅಳಿಸಿಹೋಗುವಂಥ ನಂಬರು ಏನೂ ಇಲ್ಲ.